ಎಂಟನೇ ಸಂಪುಟಕ್ಕೆ ಬಂದ ಬೈಗುಳ

ಸಿಯೋಲ್, ಮಾಪೊ
8 ಅಕ್ಟೋಬರ್ 2001

ಮಾನ್ಯ ಲೇಖಕಿ ಪ್ಯೋ ಗುಮೊಕ್ ಅವರಿಗೆ,

ಸಂಪಾದಕಿ ಯೊಮ್ ಜಿನಾಳ ನಮಸ್ಕಾರಗಳು. ‘ದೀಪವಿಲ್ಲದ ರಾಜ್ಯ’ದ ಎಂಟನೇ ಸಂಪುಟ ಅಂಗಡಿಗಳಿಗೆ ಹೋಗಿ ಆರು ವಾರವಾಯಿತು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ನಿಮ್ಮ ಸಂಪುಟಗಳ ಜಾಗ ಯಾವಾಗಲೂ ಖಾಲಿ. ಒಂದು ಪ್ರತಿ ವಾಪಸ್ ಬರುವ ಮೊದಲೇ ನಾಲ್ಕು ಜನ ಹೆಸರು ಬರೆಸಿರುತ್ತಾರಂತೆ.

ಪುಸ್ತಕದ ಕೊನೆಯಲ್ಲಿ ನಾವು ಇಡುವ ಓದುಗರ ಕಾರ್ಡುಗಳು ಬರತೊಡಗಿವೆ. ಅವುಗಳಲ್ಲಿ ಹನ್ನೊಂದನ್ನು ಇದರೊಂದಿಗೆ ಕಳಿಸಿದ್ದೇನೆ, ಬಿಡುವಿನಲ್ಲಿ ಓದಿ. ಎಲ್ಲರೂ ನಿಮ್ಮನ್ನು ಕೊಂಡಾಡಿದ್ದಾರೆ.

ಒಂಬತ್ತನೆಯದು ಕೊನೆಯ ಸಂಪುಟ. ಹೊಸ ವರ್ಷದೊಳಗೆ ಅರ್ಧವಾದರೂ ಕೈಸೇರಿದರೆ ವಸಂತದಲ್ಲಿ ಅಚ್ಚಿಗೆ ಕೊಡಬಹುದು. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲವಾದ್ದರಿಂದ ಪತ್ರದಲ್ಲೇ ಕೇಳುತ್ತಿದ್ದೇನೆ: ಬರವಣಿಗೆ ಹೇಗೆ ಸಾಗಿದೆ?

ನಿಮ್ಮ ವಿಧೇಯ,
ಯೊಮ್ ಜಿನಾ


ತೆಬೆಕ್
15 ಅಕ್ಟೋಬರ್ 2001

ಸಂಪಾದಕಿ ಜಿನಾ ಅವರಿಗೆ,

ಕಾರ್ಡುಗಳು ತಲುಪಿದವು. ಎಲ್ಲವನ್ನೂ ಓದಿದೆ. ಸಿಯೋಲಿನಲ್ಲಿ ಇಷ್ಟೊಂದು ಒಳ್ಳೆಯ ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ಒಂಬತ್ತನೆಯದು ಚೆನ್ನಾಗಿ ಸಾಗಿದೆ. ಮೂರು ಅಧ್ಯಾಯ ಮುಗಿದಿವೆ.

ನನ್ನನ್ನು ಮಾನ್ಯ ಲೇಖಕಿ ಎಂದು ಕರೆಯಬೇಡಿ. ನಾಲ್ಕು ವರ್ಷ ಕಲ್ಲಿದ್ದಲು ಆರಿಸುವ ಶೆಡ್ಡಿನಲ್ಲಿ ಯಂತ್ರದ ಸದ್ದಿಗೆ ಕಿವಿ ಕಳೆದುಕೊಂಡು, ಆಮೇಲೆ ಹತ್ತು ವರ್ಷ ಗಣಿಗೆ ಇಳಿಯುವವರಿಗೆ ತಲೆದೀಪ ಕೊಟ್ಟು ವಾಪಸ್ ಪಡೆಯುತ್ತಿದ್ದವಳು ನಾನು. ಗಣಿ ಮುಚ್ಚಿದ ಮೇಲೆ ಮಾಡಲು ಕೆಲಸವಿಲ್ಲದೆ ಬರೆಯಲು ಕೂತವಳು. ಅಷ್ಟೇ.

ಪ್ಯೋ ಗುಮೊಕ್


ಸಿಯೋಲ್
20 ನವೆಂಬರ್ 2001

ಪ್ರೀತಿಯ ಗುಮೊಕ್ ಅಮ್ಮನವರಿಗೆ,

ಮೂರು ಅಧ್ಯಾಯ ಮುಗಿದಿವೆ ಎಂದು ತಿಳಿದು ನಮ್ಮ ಪ್ರಕಾಶನದ ಯಜಮಾನರು ಕುರ್ಚಿಯಿಂದ ಎದ್ದೇ ನಿಂತರು. ಕಾರ್ಡುಗಳು ನಿಮಗೆ ಖುಷಿ ಕೊಟ್ಟಿವೆ ಎಂದು ಪತ್ರದಿಂದ ಗೊತ್ತಾಯಿತು. ಇನ್ನೂ ಒಂಬತ್ತು ಕಳಿಸಿದ್ದೇನೆ. ಗ್ವಾಂಗ್ಜುವಿನಿಂದ ಬಂದ ಎರಡು ತುಂಬಾ ಚೆಂದ ಇವೆ.

ಯಜಮಾನರದೊಂದು ಸಲಹೆ. ಸಲಹೆ ಮಾತ್ರ. ಎಂಟನೇ ಸಂಪುಟದ ಕೊನೆಯಲ್ಲಿ ನಕ್ಷೆಗಾರನೂ ಕಾವಲುಗಾರನೂ ಪಾತಾಳದ ಬಾಗಿಲು ಕುಸಿದು ಒಳಗೇ ಉಳಿಯುತ್ತಾರಲ್ಲ, ನಕ್ಷೆಗಾರನನ್ನು ಒಂಬತ್ತರಲ್ಲಿ ಜೀವಂತ ತರಬಹುದೇ ಎಂದು ಕೇಳುತ್ತಿದ್ದಾರೆ. ಓದುಗರಿಗೆ ಅವನ ಮೇಲೆ ಬಹಳ ಪ್ರೀತಿ.

ಮುಗಿದ ಆ ಮೂರು ಅಧ್ಯಾಯಗಳನ್ನು ಕಳಿಸಿದರೆ ಓದಲು ಕಾಯುತ್ತಿದ್ದೇನೆ.

ಜಿನಾ


ತೆಬೆಕ್
3 ಡಿಸೆಂಬರ್ 2001

ಜಿನಾ ಅವರಿಗೆ,

ಇಲ್ಲಿ ಕಿಮ್ಚಿ ಹಾಕುವ ಕಾಲ. ಪಕ್ಕದ ಮನೆಯ ಚು ಮಾಲ್ನ್ಯೊ ಮತ್ತು ನಾನು ಸೇರಿ ನೂರು ಎಲೆಕೋಸು ಉಪ್ಪಿಗೆ ಹಾಕಿದ್ದೇವೆ. ಮೆಣಸಿನಪುಡಿ ಹಚ್ಚಿ ಬೆರಳೆಲ್ಲ ಉರಿ, ಲೇಖನಿ ಹಿಡಿಯಲಾಗುತ್ತಿಲ್ಲ. ಅಧ್ಯಾಯಗಳನ್ನು ನಂತರ ಕಳಿಸುತ್ತೇನೆ.

ಕಾರ್ಡು ಬರೆದ ಒಳ್ಳೆಯವರಿಗೆಲ್ಲ ನನ್ನ ವಂದನೆ ತಿಳಿಸಿ.

ಪ್ಯೋ ಗುಮೊಕ್


ಸಿಯೋಲ್
17 ಜನವರಿ 2002

ಗುಮೊಕ್ ಅಮ್ಮಾ,

ಒಂದೂವರೆ ತಿಂಗಳು ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಬಂದದ್ದು ಇದು. ನಮ್ಮದೇ ಓದುಗರ ಕಾರ್ಡು, ತೆಬೆಕ್ ಅಂಚೆಯ ಮುದ್ರೆ ಇದೆ. ‘ಪುಸ್ತಕದ ಬಗ್ಗೆ ನಿಮ್ಮ ಅಭಿಪ್ರಾಯ’ ಎಂದು ಅಚ್ಚಾದ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಹೀಗೆ ಬರೆದಿದ್ದಾರೆ. ಇದ್ದಹಾಗೆ ನಕಲು ಮಾಡಿದ್ದೇನೆ:

“ಪುಸ್ತಕ ನಾ ಓದಿಲ್ಲ. ಅಷ್ಟು ದಪ್ಪದ್ದು ಯಾರ್ ಓದ್ತಾರೆ. ಪಕ್ಕದ ಮನೆ ಗುಮೊಕ್ ಬರೀತಿದೀನಿ ಅಂತ ನಿಮ್ಗೆ ಸುಳ್ಳು ಹೇಳ್ತಾವ್ಳೆ. ಬೇಸಿಗೆಯಿಂದ ಒಂದಕ್ಷರ ಬರ್ದಿಲ್ಲ. ಮೂಲಂಗಿ ಕೊಚ್ತಾಳೆ, ಒಣಗಿಸ್ತಾಳೆ, ಮತ್ತೆ ಕೊಚ್ತಾಳೆ. ಇಡೀ ಚಳಿಗಾಲಕ್ಕೆ ಊರಿಗೆಲ್ಲ ಹಂಚುವಷ್ಟು ಆಯ್ತು. ಯಾರಾದ್ರೂ ಬಂದು ಕೇಳಿ. ಚು ಮಾಲ್ನ್ಯೊ.”

ಅಮ್ಮಾ, ಮೈಗೆ ಹುಷಾರಿಲ್ಲವೇ? ಕಲ್ಲಿದ್ದಲು ಧೂಳಿನಲ್ಲಿ ಕೆಲಸ ಮಾಡಿದವರ ಶ್ವಾಸಕೋಶದ ಬಗ್ಗೆ ಕೇಳಿದ್ದೇನೆ. ಆಸ್ಪತ್ರೆಯವರು ಏನಾದರೂ ಹೇಳಿದ್ದನ್ನು ನನ್ನಿಂದ ಮುಚ್ಚಿಡುತ್ತಿದ್ದೀರಾ? ದಯವಿಟ್ಟು ಹೇಳಿ.

ಇನ್ನೊಂದು ಮಾತು, ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ. ಮಾರ್ಚ್ ಒಳಗೆ ಹಸ್ತಪ್ರತಿ ಬರದಿದ್ದರೆ ಒಂಬತ್ತನೆಯದನ್ನು ಬೇರೆ ಯಾರ ಕೈಯಿಂದಲಾದರೂ ಬರೆಸುತ್ತೇನೆ ಅಂತಿದ್ದಾರೆ ಯಜಮಾನರು. ನಾನು ಅವರೊಂದಿಗೆ ಜಗಳವಾಡಿದೆ. ಆದರೆ ನನ್ನ ಜಗಳಕ್ಕೆ ಅಲ್ಲಿ ಹೆಚ್ಚು ಬೆಲೆಯಿಲ್ಲ.

ಜಿನಾ


ತೆಬೆಕ್
24 ಜನವರಿ 2002

ಜಿನಾ ಅವರಿಗೆ,

ನನಗೆ ಯಾವ ಕಾಯಿಲೆಯೂ ಇಲ್ಲ. ಕಳೆದ ತಿಂಗಳಷ್ಟೇ ಎಕ್ಸ್‌ರೇ ತೆಗೆದು ‘ಅಜ್ಜಿ, ನಿಮ್ಮ ಎದೆ ಕತ್ತೆಯದರ ಹಾಗೆ ಗಟ್ಟಿಯಾಗಿದೆ’ ಅಂದರು. ಹೆದರಬೇಡಿ.

ಮಾಲ್ನ್ಯೊ ಬರೆದದ್ದು ನಿಜ. ಮೂರು ಅಧ್ಯಾಯ ಎಂದದ್ದು ಸುಳ್ಳು. ಮೂರು ಸಾಲೂ ಆಗಿಲ್ಲ.

ನೀವೂ ಸುಳ್ಳು ಹೇಳಿದ್ದೀರಿ, ಆದ್ದರಿಂದ ಹೇಳಿಬಿಡುತ್ತೇನೆ. ನೀವು ಕಳಿಸಿದ ಇಪ್ಪತ್ತು ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಂಡು ನೋಡಿದೆ. ಇಪ್ಪತ್ತರಲ್ಲಿ ಒಬ್ಬರಾದರೂ ‘ಇಲ್ಲಿ ಬೇಜಾರಾಯಿತು’ ಎನ್ನಬಾರದೇ? ಕತ್ತಲಿನ ಬಗ್ಗೆ ಮೂರು ಸಾವಿರ ಪುಟ ಬರೆದಿದ್ದೇನೆ, ನನಗೇ ಎಷ್ಟೋ ಕಡೆ ಬೇಜಾರಾಗಿದೆ. ಗ್ವಾಂಗ್ಜುವಿನ ಎರಡು ಕಾರ್ಡು ಒಂದೇ ಹಸಿರು ಶಾಯಿಯಲ್ಲಿವೆ. ಆಗ ಅರ್ಥವಾಯಿತು. ಇವನ್ನೆಲ್ಲ ನೀವೇ ಕೂತು ಬರೆದಿದ್ದೀರಿ. ಈ ಪುಸ್ತಕ ಯಾರೂ ಓದುತ್ತಿಲ್ಲ, ಹಳ್ಳಿಯ ವಿಧವೆಯ ಮನಸ್ಸು ನೋಯಿಸಬಾರದು ಎಂದು ನೀವು ಈ ಆಟ ನಡೆಸಿದ್ದೀರಿ.

ನಿಮ್ಮ ಮೇಲೆ ಸಿಟ್ಟಿಲ್ಲ. ಒಳ್ಳೆಯ ಹುಡುಗಿ ನೀವು. ಆದರೆ ಯಾರೂ ಓದದ ಪುಸ್ತಕಕ್ಕೆ ಒಂಬತ್ತನೇ ಸಂಪುಟ ಏಕೆ? ನಿಮ್ಮ ಯಜಮಾನರು ಯಾರಿಂದ ಬೇಕಾದರೂ ಬರೆಸಲಿ.

ಪ್ಯೋ ಗುಮೊಕ್


ಸಿಯೋಲ್
28 ಜನವರಿ 2002

ಅಮ್ಮಾ,

ನಿಮ್ಮ ಪತ್ರ ಓದಿ ಕಚೇರಿಯಲ್ಲೇ ತಲೆ ಹಿಡಿದುಕೊಂಡು ಕೂತೆ. ಆಮೇಲೆ ಇನ್ನೊಮ್ಮೆ ಓದಿ ಜೋರಾಗಿ ನಕ್ಕೆ. ಪಕ್ಕದ ಮೇಜಿನವರು ಏನಾಯ್ತು ಅಂತ ಎದ್ದು ಬಂದರು.

ಇದರೊಂದಿಗೆ ಬರುತ್ತಿರುವ ಪೆಟ್ಟಿಗೆಯಲ್ಲಿ ಎಂಟನೇ ಸಂಪುಟಕ್ಕೆ ಬಂದ ಎಲ್ಲಾ ಕಾರ್ಡುಗಳಿವೆ. ನಾನೂರಕ್ಕೂ ಮೇಲೆ. ಆ ಇಪ್ಪತ್ತನ್ನು ನಾನು ಬರೆಯಲಿಲ್ಲ, ಆರಿಸಿದೆ. ಅದೇ ನನ್ನ ತಪ್ಪು. ಹಸಿರು ಶಾಯಿಯವರು ಒಂದೇ ಕೋಣೆಯಲ್ಲಿರುವ ಅಕ್ಕತಂಗಿಯರು, ಇಬ್ಬರಿಗೂ ಇರುವುದು ಒಂದೇ ಪೆನ್ನು. ಉಳಿದವನ್ನು ಮುಚ್ಚಿಟ್ಟೆ, ಏಕೆಂದರೆ ಅರ್ಧಕ್ಕೂ ಹೆಚ್ಚು ಬೈಗುಳ. ಪೆಟ್ಟಿಗೆ ತೆರೆಯುವ ಮೊದಲೇ ಕೆಲವನ್ನು ಇಲ್ಲಿ ಬರೆದುಬಿಡುತ್ತೇನೆ, ಒಮ್ಮೆಲೇ ಎದೆಗೆ ಬೀಳುವುದು ಬೇಡ.

ಬುಸಾನ್‌ನ ಒಬ್ಬ ವಿದ್ಯಾರ್ಥಿ: “ನಕ್ಷೆಗಾರನ್ನ ಸಾಯಿಸಿದ್ರಲ್ಲ, ಅವತ್ತು ನಿಮ್ಗೆ ಊಟ ಹೇಗೆ ಇಳೀತು?”

ತೆಜೊನ್‌ನ ಬಾಡಿಗೆ ಪುಸ್ತಕದಂಗಡಿಯವರು: “ಕೊನೇ ಮೂವತ್ತು ಪುಟ ಯಾರೋ ಹರಿದು ಹಾಕಿದಾರೆ. ಇನ್ನೊಂದು ಪ್ರತಿ ತರಿಸಿದೆ, ಅದನ್ನೂ ಹರಿದ್ರು. ಈಗ ಬರೋ ಗಿರಾಕಿಗಳಿಗೆಲ್ಲ ಕಥೆ ಏಳಕ್ಕೇ ಮುಗೀತು ಅಂತ ಹೇಳ್ತಿದೀನಿ. ಎಲ್ರೂ ನೆಮ್ಮದಿಯಾಗಿದಾರೆ.”

ಇಂಚೊನ್‌ನ ಬಸ್ ಚಾಲಕ: “ಮೂರು ಸಾವಿರ ಪುಟದಲ್ಲಿ ಒಂದು ಸಲಾನೂ ಸೂರ್ಯ ಹುಟ್ಟಿಲ್ಲ. ಬಿಟ್ಬಿಡೋಣ ಅಂದ್ರೆ ಬಿಡೋಕೂ ಆಗ್ತಿಲ್ಲ. ಇದ್ಯಾವ ಕರ್ಮ ಅಂಟಿಸಿದ್ರಿ ನಂಗೆ?”

ಎಲ್ಲಕ್ಕಿಂತ ಆಳದಲ್ಲಿ ಅಡಗಿಸಿಟ್ಟದ್ದು ಇಲ್ಲಿ ಸಿಯೋಲಿನದೇ ಒಬ್ಬ ಹೆಂಗಸಿನ ಕಾರ್ಡು: “ಆರಾಮ್ ಕುರ್ಚೀಲಿ ಕೂತು ಬರೆಯೋರಿಗೆ ಕತ್ತಲೆ ಅಂದ್ರೆ ಏನ್ ಗೊತ್ತು?” ಗಣಿಯಲ್ಲಿ ಗಂಡನನ್ನು ಕಳೆದುಕೊಂಡವರ ಮುಂದೆ ಇದನ್ನು ಹೇಗೆ ಇಡಲಿ ಎಂದು ನನ್ನ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟಿದ್ದೆ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಎಂಟನೇ ಸಂಪುಟವನ್ನು ಅಚ್ಚಿಗೆ ಕಳಿಸಿದ ಮೇಲೆ ಒಂದು ವಾರ ನಾನೂ ನಿಮ್ಮ ಮೇಲೆ ಸಿಟ್ಟಾಗಿದ್ದೆ. ಆ ಬಾಗಿಲು ಕುಸಿಯುವ ಅಧ್ಯಾಯವನ್ನು ಮೆಟ್ರೋದಲ್ಲಿ ತಿದ್ದುತ್ತಾ ಇಳಿಯುವ ನಿಲ್ದಾಣ ತಪ್ಪಿತು, ಕೊನೆಯ ನಿಲ್ದಾಣದವರೆಗೂ ಹೋದೆ. ಬೈಯುತ್ತಿರುವವರ ಸಾಲಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಿ.

ಓದುತ್ತಿದ್ದಾರೆ, ಅಮ್ಮಾ. ಓದದವರು ಪುಟ ಹರಿಯುವುದಿಲ್ಲ.

ಜಿನಾ


ತೆಬೆಕ್
20 ಫೆಬ್ರವರಿ 2002

ಜಿನಾ,

ಇನ್ನು ಮೇಲೆ ನಿನ್ನನ್ನು ‘ನೀನು’ ಎನ್ನುತ್ತೇನೆ. ನನಗೆ ಬೈದವಳೊಂದಿಗೆ ಏನು ಮರ್ಯಾದೆ.

ಪೆಟ್ಟಿಗೆ ಬಂದ ದಿನ ಮಾಲ್ನ್ಯೊಳ ಮನೆಯ ಬೆಚ್ಚನೆಯ ನೆಲದ ಮೇಲೆ ಎಲ್ಲವನ್ನೂ ಸುರಿದುಕೊಂಡು ಕೂತೆವು. ಅವಳು ಒಂದೊಂದನ್ನೇ ಎತ್ತಿ ನನ್ನ ಕಿವಿಯ ಹತ್ತಿರ ಕಿರುಚಿ ಓದಿದಳು. ಬೈಗುಳ ಓದುವಾಗ ಅವಳ ದನಿ ಎಷ್ಟು ಖುಷಿಯಾಗಿತ್ತೆಂದರೆ, ನಡುವೆ ತನ್ನದೂ ಒಂದೆರಡು ಸೇರಿಸುತ್ತಿದ್ದಾಳೆ ಎಂದು ನನಗೆ ಅನುಮಾನ. ‘ಆರಾಮ್ ಕುರ್ಚಿ’ ಎಂಬ ಕಾರ್ಡು ಬಂದಾಗ ಅವಳು ತಡೆದು ನನ್ನ ಮುಖ ನೋಡಿದಳು. “ಲೇ, ನಿಂಗೊಂದು ಕುರ್ಚಿ ಕೊಡಿಸ್ಬೇಕಾಯ್ತು ಕಣೇ. ಜನ ಕಾಯ್ತಾವ್ರೆ” ಎಂದಳು. ನಾನು ಊಟಕ್ಕಿಡುವ ಗಿಡ್ಡ ಮೇಜಿನ ಮೇಲೆ ಕಾಗದ ಇಟ್ಟು, ನೆಲದಲ್ಲಿ ಕೂತು ಬರೆಯುವವಳು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಎಷ್ಟು ಹಗುರಾಯಿತು ಗೊತ್ತೇ? ಎಷ್ಟೋ ತಿಂಗಳಿಂದ ಒಬ್ಬಳೇ ಕತ್ತಲಲ್ಲಿ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಷ್ಟೂ ಜನ ಅಲ್ಲೇ ಕೂತು ಗೊಣಗುತ್ತಿದ್ದರು.

ಆದರೆ ಒಂದು ಕಾರ್ಡು ನಗಿಸಲಿಲ್ಲ. ಜೊಂಜುವಿನ ಒಬ್ಬ ಶಾಲಾ ಹುಡುಗಿಯದು. “ಸಾಯಿಸೋದು ನಿಮಗೆ ಚೆನ್ನಾಗಿ ಬರುತ್ತೆ. ಒಳಗೆ ಸಿಕ್ಕಿಕೊಂಡವನು ವಾಪಸ್ ಬಂದ್ರೆ ಮನೆಯವರು ಏನ್ ಮಾಡ್ತಾರೆ ಅನ್ನೋದು ಗೊತ್ತಾ? ಗೊತ್ತಿದ್ರೆ ಅದನ್ನ ಬರೀರಿ.”

ನನಗೆ ಗೊತ್ತಿಲ್ಲ, ಜಿನಾ. ನಾನು ಬರೆಯಲಾಗದೆ ಕೂತದ್ದಕ್ಕೆ ನಿನ್ನ ಕಾರ್ಡುಗಳು ಅರ್ಧ ನೆಪ ಮಾತ್ರ. ನಿಜವಾದ ಕಾರಣ ಇದೇ.

ನಿನಗೆ ಹೇಳಿರಲಿಲ್ಲ. ಎಪ್ಪತ್ತೊಂಬತ್ತರ ಏಪ್ರಿಲ್‌ನಲ್ಲಿ ಗಣಿ ಕುಸಿದಾಗ ಒಂದೇ ಮೂಲೆಯಲ್ಲಿ ಇಬ್ಬರು ಸಿಕ್ಕಿಕೊಂಡಿದ್ದರು. ನನ್ನ ಗಂಡ ದುಸೊಕ್, ಮಾಲ್ನ್ಯೊಳ ಗಂಡ ಪಾನ್‌ಗುನ್. ನಾವಿಬ್ಬರೂ ನಾಲ್ಕು ದಿನ ಗಣಿಬಾಯಿಯ ಮುಂದೆ ಒಂದೇ ಕಂಬಳಿ ಹೊದ್ದು ನಿಂತಿದ್ದೆವು. ನಾಲ್ಕನೇ ದಿನ ಮಧ್ಯಾಹ್ನ ಎರಡು ಸ್ಟ್ರೆಚರ್ ಮೇಲೆ ಬಂದವು. ಒಂದರಲ್ಲಿದ್ದವನಿಗೆ ಉಸಿರಿತ್ತು.

ಆಮೇಲೆ ಹನ್ನೆರಡು ವರ್ಷ ನಾನು ಅವಳೊಂದಿಗೆ ಮಾತು ಬಿಟ್ಟೆ. ಅವಳು ಈ ಬದಿ ಬಂದರೆ ನಾನು ಆ ಬದಿ. ಗಣಿ ಮುಚ್ಚುವ ಹೊತ್ತಿಗೆ ಜನ ಊರು ಬಿಟ್ಟು ಬೀದಿಯಲ್ಲಿ ನಮ್ಮ ಎರಡೇ ಮನೆ ಉಳಿದವು, ಕಿಮ್ಚಿ ಹಾಕಲು ಒಬ್ಬಳಿಂದ ಆಗುವುದಿಲ್ಲ. ಹಾಗೆ ಮಾತು ಶುರುವಾಯಿತು. ಆದರೆ ಆ ದಿನದ ಸುದ್ದಿಯನ್ನು ಇಬ್ಬರೂ ಎಂದೂ ಎತ್ತಿರಲಿಲ್ಲ.

ಆ ಹುಡುಗಿಯ ಕಾರ್ಡನ್ನು ಅವಳ ಕೈಗೆ ಕೊಟ್ಟು ಕೇಳಿದೆ: “ನಿಂಗೆ ಗೊತ್ತಲ್ವಾ? ಅವ್ನು ಮೇಲೆ ಬಂದಾಗ ನೀನು ಏನ್ ಮಾಡ್ದೆ?”

ಅವಳು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡಳು. “ಮುಖಕ್ಕೆ ಬಟ್ಟೆ ಮುಚ್ದೆ” ಎಂದಳು.

“ಬಿಸಿಲು ಕಣ್ಣಿಗೆ ಬಡೀಬಾರ್ದು ಅಂತ ಡಾಕ್ಟ್ರು ಹೇಳಿದ್ರು, ಅದು ನೆನಪಿದೆ.”

“ಡಾಕ್ಟ್ರು ಆಮೇಲೆ ಹೇಳಿದ್ದು. ನಾನು ಅದಕ್ಕೂ ಮೊದ್ಲೇ ಮುಚ್ಚಿದ್ದೆ. ಅವ್ನ ರೆಪ್ಪೆ ಆಡ್ತಿತ್ತು ಕಣೇ. ನೀನು ಪಕ್ಕದಲ್ಲೇ ನಿಂತಿದ್ದೆ. ನಿಂಗೆ ಕಾಣಿಸ್ಬಾರ್ದು ಅಂತ ಮುಚ್ದೆ. ಗಂಡ ಬದುಕಿ ಬಂದವ್ನೆ, ನಾನು ಕಳ್ಳಿ ಥರ ಅವ್ನನ್ನ ಬಚ್ಚಿಟ್ಕೊಂಡೆ. ಒಂದು ಸಲ ಕೂಡ ಸಂತೋಷದಿಂದ ಅಳೋಕಾಗ್ಲಿಲ್ಲ. ಇವತ್ತಿನವರೆಗೂ.”

ಆಮೇಲೆ ಅತ್ತಳು. ಇಪ್ಪತ್ತಮೂರು ವರ್ಷ ತಡವಾಗಿ. ನಾನು ಅವಳ ಬೆನ್ನು ಸವರುತ್ತಾ ಕೂತೆ, ಕಾರ್ಡುಗಳೆಲ್ಲ ಅವಳ ಮಡಿಲಲ್ಲಿ ಒದ್ದೆಯಾದವು. ಒಂದೆರಡು ಹಾಳಾಗಿವೆ, ಕ್ಷಮಿಸು.

ಮನೆಗೆ ಬಂದು ಮೂಲಂಗಿಯನ್ನೆಲ್ಲ ಆ ಗಿಡ್ಡ ಮೇಜಿನಿಂದ ತೆಗೆದೆ. ಯಜಮಾನರಿಗೆ ಹೇಳು: ಜೂನ್‌ವರೆಗೆ ಬಾಯಿ ಮುಚ್ಚಿಕೊಂಡಿರಲಿ. ಇದನ್ನು ಸ್ವಲ್ಪ ಮರ್ಯಾದೆಯಾಗಿ ಅನುವಾದಿಸಿ ಹೇಳು.

ಗುಮೊಕ್


ಸಿಯೋಲ್
11 ಜೂನ್ 2002

ಗುಮೊಕ್ ಅಮ್ಮಾ,

ಹಸ್ತಪ್ರತಿ ಕ್ಷೇಮವಾಗಿ ತಲುಪಿತು. ವಿಶ್ವಕಪ್ ಫುಟ್‌ಬಾಲಿನ ಗಲಾಟೆಯಲ್ಲಿ ಇಡೀ ನಗರ ಕೆಂಪು ಅಂಗಿ ಹಾಕಿಕೊಂಡು ಬೀದಿಯಲ್ಲಿದೆ. ಕಚೇರಿಯಲ್ಲಿ ನಾನೊಬ್ಬಳೇ ಕೂತು ಎರಡು ದಿನದಲ್ಲಿ ಓದಿ ಮುಗಿಸಿದೆ. ಹೊರಗೆ ಜನ ಕೂಗಿದಾಗಲೆಲ್ಲ ನಿಮ್ಮ ಪಾತಾಳದ ಬಾಗಿಲೇ ತೆರೆಯಿತು ಅನ್ನಿಸುತ್ತಿತ್ತು.

ಕಾವಲುಗಾರ ಮೇಲೆ ಬರುತ್ತಾನೆ, ನಕ್ಷೆಗಾರ ಬರುವುದಿಲ್ಲ. ಕಾವಲುಗಾರನ ಹೆಂಡತಿ ಅವನ ಮುಖಕ್ಕೆ ಬಟ್ಟೆ ಮುಚ್ಚುವ ಜಾಗದಲ್ಲಿ ಪೆನ್ಸಿಲ್ ಕೆಳಗಿಟ್ಟೆ. ಒಂದಕ್ಷರವನ್ನೂ ತಿದ್ದಿಲ್ಲ.

ಯಜಮಾನರು “ತಪ್ಪು ಮನುಷ್ಯನ್ನ ಬದುಕಿಸಿದಾರಲ್ರೀ!” ಎಂದು ತಲೆ ಚಚ್ಚಿಕೊಂಡರು. ಆದರೆ ಕೊನೆಯ ಪುಟ ಓದಿದ ಮೇಲೆ ಕನ್ನಡಕ ಒರೆಸುತ್ತಾ ಒಳಗೆ ಹೋದವರು ಊಟದ ಹೊತ್ತಿನವರೆಗೂ ಬರಲಿಲ್ಲ. ಸಂಜೆ ಅಚ್ಚಿಗೆ ಕಳಿಸಿ ಎಂದರು. ನಿಮ್ಮ ಹೆಸರೇ ಇರುತ್ತದೆ, ಬೇರೆ ಯಾರದೂ ಅಲ್ಲ.

ಎಂಟು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಈಗ ಬಿಟ್ಟಿದ್ದೇನೆ.

ಜಿನಾ


ಸಿಯೋಲ್
12 ಸೆಪ್ಟೆಂಬರ್ 2002

ಅಮ್ಮಾ,

ಈ ಸಲ ಆರಿಸಿಲ್ಲ, ಜೋಡಿಸಿಲ್ಲ. ಬಂದ ಹಾಗೆಯೇ ಚೀಲಕ್ಕೆ ತುಂಬಿದ್ದೇನೆ. ಒಬ್ಬರು ‘ಮಹಾಕಾವ್ಯ’ ಎಂದರೆ ಇನ್ನೊಬ್ಬರು ‘ಒಂಬತ್ತು ಸಂಪುಟ ಓದಿಸಿ ಮೋಸ ಮಾಡಿದ್ರಿ’ ಎನ್ನುತ್ತಾರೆ. ಬಸ್ ಚಾಲಕರು ಕೊನೆಗೂ ಸೂರ್ಯ ಹುಟ್ಟಿದ್ದಕ್ಕೆ ಕೃತಜ್ಞರು, ಆದರೆ ಇನ್ನು ಬಿಡುವಿನಲ್ಲಿ ಏನು ಓದಲಿ ಎಂದು ನಿಮ್ಮನ್ನೇ ಕೇಳಿದ್ದಾರೆ. ಜೊಂಜುವಿನ ಹುಡುಗಿ ನಾಲ್ಕೇ ಪದ ಬರೆದಿದ್ದಾಳೆ: “ಸರಿ. ನಿಮಗೆ ಗೊತ್ತಿದೆ. ಒಪ್ಪಿದೆ.”

ಹಬ್ಬಕ್ಕೆ ಅಮ್ಮನ ಮನೆಗೆ ಹೋಗುತ್ತಿದ್ದೇನೆ. ವಾಪಸ್ ಬಂದ ಮೇಲೆ, ತಿಂಗಳ ಕೊನೆಗೆ ತೆಬೆಕ್ ರೈಲು ಹತ್ತಲೇ?

ಜಿನಾ


ತೆಬೆಕ್
23 ಸೆಪ್ಟೆಂಬರ್ 2002

ಜಿನಾ,

ಬಾ. ಹೊದೆಯಲು ದಪ್ಪ ಬಟ್ಟೆ ತಾ, ಇಲ್ಲಿ ಈಗಲೇ ಚಳಿ.

ಚೀಲ ತಲುಪಿತು, ನಾನೂ ಮಾಲ್ನ್ಯೊಳೂ ದಿನಕ್ಕೆ ಇಷ್ಟಿಷ್ಟು ಓದುತ್ತಿದ್ದೇವೆ. ಆದರೆ ಒಂದು ದೂರು ಅಂಚೆಯಲ್ಲಿ ಬರಲಿಲ್ಲ, ನಡೆದುಕೊಂಡು ಬಂತು.

ಚುಸೊಕ್ ಸುಗ್ಗಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಅಕ್ಕಿಹಿಟ್ಟಿನ ಕಡುಬು ಮಾಡುತ್ತಿದ್ದೆ. ಪಾನ್‌ಗುನ್ ನಮ್ಮ ಮನೆಯ ಏರು ಹತ್ತಿ ಬಂದರು. ಅವರದು ಧೂಳು ತುಂಬಿದ ಎದೆ, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಇಪ್ಪತ್ತಮೂರು ವರ್ಷದಲ್ಲಿ ಅವರು ನನ್ನ ಹೊಸಿಲಿಗೆ ಬಂದದ್ದು ಅದೇ ಮೊದಲು. ಕಂಕುಳಲ್ಲಿ ಒಂಬತ್ತನೇ ಸಂಪುಟ ಇತ್ತು. ಪುಸ್ತಕ ಬಂದಾಗಿನಿಂದ ಮಾಲ್ನ್ಯೊ ದಿನವೂ ಅದನ್ನು ಅವರಿಗೆ ಓದಿ ಹೇಳಿದ್ದಾಳಂತೆ. ಅವಳು ಹಿಂದಿನಿಂದ ಓಡಿ ಬಂದು “ಬೇಡ ಅಂದೆ, ಕೇಳ್ಲಿಲ್ಲ” ಎಂದು ನನಗೆ ಸನ್ನೆ ಮಾಡಿದಳು.

ಅವರು ಕೂತು, ಸುಧಾರಿಸಿಕೊಂಡು, ಪುಸ್ತಕದ ಮೇಲೆ ಬೆರಳು ಕುಟ್ಟಿದರು. ಅವರಿಗೆ ಜೋರಾಗಿ ಮಾತಾಡಲು ಉಸಿರಿಲ್ಲ, ನನಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಅವರು ಹೇಳಿದ್ದನ್ನು ಮಾಲ್ನ್ಯೊ ನನ್ನ ಕಿವಿಗೆ ಕಿರುಚಬೇಕಾಯಿತು.

“ಇನ್ನೂರ ಎಂಟನೇ ಪುಟ ತಪ್ಪು, ತಂಗೀ.”

“ಏನು ತಪ್ಪು?”

“ನಕ್ಷೆಗಾರ ಮೂರು ದಿನ ಕೂಗ್ದ ಅಂತ ಬರ್ದಿದೀಯ. ಯಾರೂ ಕೂಗ್ಲಿಲ್ಲ.”

ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಉಳಿಯಿತು.

“ಮೊದಲ್ನೇ ದಿನ ದುಸೊಕ್ ನಂಗೆ ಜೋಕು ಹೇಳ್ದ. ಎರಡನೇ ದಿನ ನೂಡಲ್ಸು ಯಾವ ಅಂಗಡೀದು ಚೆನ್ನ ಅಂತ ಇಬ್ರೂ ಜಗಳ ಆಡಿದ್ವಿ. ಮೇಲ್ಗಡೆ ಒಂದು ಸಂದಿ ಇತ್ತು, ಗಾಳಿ ಬರ್ತಿತ್ತು. ಒಬ್ರು ಅಲ್ಲಿ ಮೂಗಿಟ್ಟು ಕೂರೋದು, ಇನ್ನೊಬ್ರು ಕೆಳಗೆ ಮಲಗೋದು, ಆಮೇಲೆ ಅದಲು ಬದಲು. ಮೂರನೇ ದಿನ ಅವ್ನು ಮಲಗೋ ಸರದಿ. ಗೊರಕೆ ಹೊಡೀತಿದ್ದ. ಹೇಳ್ತೀನಲ್ಲ, ಆ ಕತ್ತಲೇಲಿ, ಮನೇಲಿ ಮಲಗಿದಂಗೆ ಗೊರಕೆ.”

ಮುಂದಿನ ಮಾತನ್ನು ಮಾಲ್ನ್ಯೊ ಕಿರುಚಲಿಲ್ಲ. ತನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಇಷ್ಟು ವರ್ಷದಲ್ಲಿ ನಾನು ತುಟಿ ನೋಡಿ ಓದುವುದನ್ನು ಕಲಿತಿದ್ದೇನೆ, ಪಾನ್‌ಗುನ್ ಅವರ ತುಟಿಯಿಂದಲೇ ಓದಿಕೊಂಡೆ.

“ಅವ್ನನ್ನ ಎಬ್ಬಿಸ್ಬೇಕಿತ್ತು. ಸರದಿ ಮುಗ್ದಿತ್ತು. ಅಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ನಲ್ಲ ಅಂತ ಬಿಟ್ಟೆ. ಕೆಳಗಡೆ ಗಾಳಿ ಕೆಟ್ಟದ್ದು ನಂಗೆ ಗೊತ್ತಾಗ್ಲಿಲ್ಲ. ಗೊರಕೆ ನಿಂತ ಮೇಲೆ ಗೊತ್ತಾಯ್ತು. ನೀನು ಕೇಳ್ಲಿಲ್ಲ. ನಾನಾಗೇ ಬಂದು ಹೇಳೋಣ ಅಂದ್ರೆ, ನಾನು ಬದುಕಿದೀನಲ್ಲ ತಂಗೀ, ಯಾವ ಮುಖ ಇಟ್ಕೊಂಡು ಬರ್ಲಿ?”

ಜಿನಾ, ಎಂಟು ಸಂಪುಟ ಏಕೆ ಅಷ್ಟು ಕತ್ತಲಾಗಿದ್ದವು ಎಂದು ಎಲ್ಲರೂ ಕೇಳುತ್ತಾರೆ. ಅವನು ಅಲ್ಲಿ ಹೆದರಿ, ನನ್ನ ಹೆಸರು ಕೂಗಿ ಕೂಗಿ ಸತ್ತ ಎಂದು ನಾನು ನಂಬಿದ್ದೆ. ಆ ಕೂಗನ್ನೇ ಮೂರು ಸಾವಿರ ಪುಟ ಬರೆದೆ. ಅವನು ಗೊರಕೆ ಹೊಡೆಯುತ್ತಿದ್ದನಂತೆ.

ನನಗೆ ಮೊದಲು ಬಂದದ್ದು ನಗು. ಆ ಗೊರಕೆ ನನಗೆ ಗೊತ್ತು. ಗೋಡೆ ನಡುಗುತ್ತಿತ್ತು. ಅದರ ಜೊತೆ ಹನ್ನೊಂದು ವರ್ಷ ಬಾಳಿದ್ದೇನೆ.

ಪಾನ್‌ಗುನ್ ತಲೆ ತಗ್ಗಿಸಿಕೊಂಡು ಕೂತಿದ್ದರು, ನಾನು ಏನು ಹೇಳುತ್ತೇನೋ ಎಂದು ಹೆದರಿ. ನಾನು ಅಂದೆ: “ಭಾನುವಾರ ಅವ್ರು ಹಾಗೆ ಮಲಗಿದ್ರೆ ನಾನೂ ಎಬ್ಬಿಸ್ತಿರ್ಲಿಲ್ಲ, ಅಣ್ಣಾ. ಎಬ್ಬಿಸೋಕೆ ಮನಸ್ಸೇ ಬರ್ತಿರ್ಲಿಲ್ಲ.”

ಅವರ ಭುಜ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿದೆ. ಹೊರಟು ಹೋಗುವ ಮೊದಲು ಆರು ಕಡುಬು ತಿಂದರು, ಎಳ್ಳು ಕಡಿಮೆಯಾಯಿತು ಎಂದು ಅದಕ್ಕೂ ಒಂದು ದೂರು ಹೇಳಿದರು. ಆ ಮಧ್ಯಾಹ್ನ ನಾನು ಜಗಲಿಯಲ್ಲೇ ಮಲಗಿ ನಿದ್ದೆ ಹೋದೆ. ಮಾಲ್ನ್ಯೊ ಬಂದು ನೋಡಿ, ಎಬ್ಬಿಸದೆ, ಕಂಬಳಿ ಹೊದಿಸಿ ಹೋಗಿದ್ದಾಳೆ.

ಎರಡನೇ ಮುದ್ರಣ ಆಗುವುದಾದರೆ ಒಂದು ತಿದ್ದುಪಡಿ ಬರೆದುಕೋ. ಪುಟ ಇನ್ನೂರ ಎಂಟು, ಮೇಲಿನಿಂದ ಐದನೇ ಸಾಲು. ‘ಮೂರು ದಿನ ಕೂಗಿದ’ ಎಂಬುದನ್ನು ತೆಗೆದು ‘ಗೊರಕೆ ಹೊಡೆಯುತ್ತಿದ್ದ’ ಎಂದು ಹಾಕು.

ಗುಮೊಕ್